ಆಟಿಕೆ ಟಿಪ್ಪರಿನ ಫೋಟೊ ಹಾಕುವವರೇ, ಎರಡನೇ ಫೋಟೊನೂ ಹಾಕಿ

ಹೋದ ಬೇಸಿಗೆಯಲ್ಲಿ ನಾವೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇವೆ.

ಕ್ಯಾಸಂಬಳ್ಳಿ ಕಡೆಯ ಒಂದು ಕೆರೆ ಅಂಗಳ. ನೀರಿಲ್ಲ, ಗೋಡು ಒಣಗಿ ಬಿರುಕು ಬಿಟ್ಟಿದೆ. ನಮ್ಮಲ್ಲೊಬ್ಬರ ಅಕ್ಕನ ಮಗ ಜಾತ್ರೆಯಲ್ಲಿ ಕೊಡಿಸಿಕೊಂಡಿದ್ದ ಹಳದಿ ಜೆಸಿಬಿ, ಒಂದು ಟಿಪ್ಪರ್ ಕೈಯಲ್ಲಿತ್ತು. ಎರಡೂ ಪ್ಲಾಸ್ಟಿಕ್ಕು, ಗೇಣುದ್ದ. ಸಂಜೆ ಐದೂವರೆಯ ಬಿಸಿಲು. ಮೊಬೈಲನ್ನು ನೆಲಕ್ಕೆ ತಾಗಿಸಿ ಇಟ್ಟು, ಹಿಂದೆ ದೂರದ ಕೆರೆ ಕಟ್ಟೆ, ಅದರ ಮೇಲಿನ ಹೊಂಗೆ ಮರ ಕಾಣುವಂತೆ ಹಿಡಿದು ನಾಲ್ಕು ಫೋಟೊ ತೆಗೆದೆವು. ಮೂರು ಕೆಟ್ಟವು. ನಾಲ್ಕನೆಯದು ನೋಡಿ ನಮಗೇ ಮೈ ಜುಂ ಅಂದಿತು. ಅದು ಆಟಿಕೆ ಅಂತ ಹೇಳಲು ಸಾಧ್ಯವೇ ಇರಲಿಲ್ಲ. ಖುಷಿಗೆ ಸ್ಟೇಟಸ್ಸಿಗೆ ಹಾಕಿದೆವು. ಕೆಳಗೆ ಏನೂ ಬರೆಯಲಿಲ್ಲ.

ರಾತ್ರಿ ಎಂಟಕ್ಕೆ ಅದೇ ಫೋಟೊ ಮೂರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಿರುಗಿ ನಮಗೇ ಬಂತು. ಮೇಲೆ ಯಾರೋ ಬರೆದಿದ್ದರು: ಕೆರೆಯಲ್ಲಿ ಹಗಲು ಹೊತ್ತೇ ಮಣ್ಣು ಲೂಟಿ, ಅಧಿಕಾರಿಗಳು ನಿದ್ದೆಯಲ್ಲಿ. ಒಂಬತ್ತಕ್ಕೆ ಹತ್ತು ಹನ್ನೆರಡು ಜನ ಟಾರ್ಚು ಹಿಡಿದು ಕೆರೆಗೆ ಹೋಗಿಬಂದರು. ಪಕ್ಕದೂರಲ್ಲಿ ಟಿಪ್ಪರ್ ಇಟ್ಟುಕೊಂಡು ಬದುಕುವ ಒಬ್ಬರಿಗೆ, "ಏನಣ್ಣಾ, ನಮ್ಮ ಕೆರೇನೂ ಬಿಡಲ್ವಾ ನೀನು?" ಅಂತ ಫೋನಿನಲ್ಲಿ ಬೈಗುಳ. ಆ ಅಣ್ಣ ಆ ಹೊತ್ತಿನಲ್ಲಿ ಮನೆಯಲ್ಲಿ ಮುದ್ದೆ ಉಣ್ಣುತ್ತಾ ಕೂತಿದ್ದರಂತೆ.

ಮರುದಿನ ಬೆಳಿಗ್ಗೆ ನಾವು ಅದೇ ಜಾಗಕ್ಕೆ ಹೋಗಿ, ಅದೇ ಟಿಪ್ಪರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ ಫೋಟೊ ತೆಗೆದು ಹಾಕಿ ಕ್ಷಮೆ ಕೇಳಿದೆವು. ಆ ಎರಡನೇ ಫೋಟೊ ಎಲ್ಲೂ ತಿರುಗಲಿಲ್ಲ. ಮೊದಲನೆಯದು ಇನ್ನೂ ತಿರುಗುತ್ತಿದೆ.

ಇದಾದ ಮೇಲೆ ನಮ್ಮ ಗುಂಪಿನಲ್ಲೇ ಜಗಳ ಆಯಿತು. ಪತ್ರಿಕೋದ್ಯಮ ಓದಿದವರು ಇಂಥ ಆಟ ಆಡಬಾರದು ಅಂತ ಕೆಲವರು. ಆಟ ಆಡಬೇಕು, ಆದರೆ ಆಟ ಅಂತ ಹೇಳಬೇಕು ಅಂತ ಉಳಿದವರು. ಎರಡನೆಯ ಮಾತೇ ಸರಿ ಎಂಬುದು ಈಗ ನಮ್ಮೆಲ್ಲರ ಅಭಿಪ್ರಾಯ. ಯಾಕೆ ಅಂತ ಬಿಡಿಸಿ ಹೇಳಬೇಕು.

ಮೊದಲಿಗೆ, ಈ ವಿದ್ಯೆ ಹೊಸದಲ್ಲ, ಪಟ್ಟಣದ್ದೂ ಅಲ್ಲ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋದವರು ನಿಮ್ಮ ಮೊಬೈಲು ತೆಗೆದು ನೋಡಿ. 108 ಅಡಿಯ ಲಿಂಗವನ್ನು ಮಗು ಅಂಗೈ ಮೇಲೆ ಎತ್ತಿ ಹಿಡಿದಂತೆ ಒಂದು ಫೋಟೊ ಇದ್ದೇ ಇರುತ್ತದೆ. ಮಗು ಹತ್ತಿರ, ಲಿಂಗ ದೂರ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಯಾವುದು ಎಷ್ಟು ದೂರ ಅಂತ ಅದಕ್ಕೆ ತಿಳಿಯದು. ಅಲ್ಲಿ ದೊಡ್ಡದನ್ನು ಚಿಕ್ಕದು ಮಾಡುತ್ತೇವೆ. ಆಟಿಕೆಯ ಫೋಟೊದಲ್ಲಿ ಇದೇ ಲೆಕ್ಕ ತಿರುಗಾಮುರುಗಾ. ಆಟಿಕೆ ಹತ್ತಿರ, ನಿಜವಾದ ಬೆಟ್ಟ ದೂರ, ಎರಡೂ ಒಂದೇ ಅಳತೆಯವು ಅನ್ನಿಸುವ ಹಾಗೆ ಕ್ಯಾಮೆರಾವನ್ನು ಕೆಳಗಿಳಿಸುವುದು. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿ, ಅದನ್ನೇ ಹೊಲ ಮಾಡಿ, ಗೊಂಬೆ ರೈತನನ್ನು ನಿಲ್ಲಿಸುವ ಅಜ್ಜಿಯರಿಗೆ ಅಳತೆಯ ಈ ಗುಟ್ಟು ನಮಗಿಂತ ಮುಂಚೆ ಗೊತ್ತಿತ್ತು. ಮೂರಿಂಚಿನ ರೈತನ ಪಕ್ಕ ಒಂದಿಂಚಿನ ಪೈರು ನಿಲ್ಲುತ್ತದೆ, ಮೊಳದುದ್ದದ ಹುಲ್ಲು ನಿಲ್ಲುವುದಿಲ್ಲ.

ಸಿನಿಮಾದವರು ಇದರಿಂದಲೇ ಅನ್ನ ತಿಂದವರು. ನಮ್ಮ ಗಡಿ ಸೀಮೆಯಲ್ಲಿ ತೆಲುಗಿನ 'ಮಾಯಾಬಜಾರ್' ನೋಡದ ತಾತಂದಿರು ಕಡಿಮೆ. 1957ರ ಆ ಚಿತ್ರದಲ್ಲಿ ಕಾಣುವ ದ್ವಾರಕೆ ಊರಲ್ಲ, 50ಕ್ಕೆ 60 ಅಡಿ ಜಾಗದಲ್ಲಿ ಕಟ್ಟಿದ ಮುನ್ನೂರರಷ್ಟು ಪುಟ್ಟ ಮನೆಗಳು. ಒಂದೊಂದರ ಒಳಗೂ ಬಲ್ಬು. ಕ್ಯಾಮೆರಾ ಹಿಡಿದವರು ಮಾರ್ಕಸ್ ಬಾರ್ಟ್ಲಿ. ಕಣದಷ್ಟು ಜಾಗದಲ್ಲಿ ಕೃಷ್ಣನ ರಾಜಧಾನಿ! ಅದನ್ನು ಯಾರೂ ಮೋಸ ಅನ್ನಲಿಲ್ಲ. ಟಿಕೆಟ್ ತಗೊಂಡು ಒಳಗೆ ಕೂತವರಿಗೆ ಇದು ಕಥೆ ಅಂತ ಗೊತ್ತಿತ್ತು.

ಫೋಟೊಗ್ರಾಫರುಗಳಲ್ಲಿ ನಮಗೆ ತುಂಬಾ ಇಷ್ಟವಾದವರು ಅಮೆರಿಕದ ಮೈಕೆಲ್ ಪಾಲ್ ಸ್ಮಿತ್. ಅವರು 'ಎಲ್ಗಿನ್ ಪಾರ್ಕ್' ಅನ್ನುವ ಇಲ್ಲದ ಊರನ್ನೇ ಕಟ್ಟಿದರು. ಅವರು ಹುಟ್ಟಿದ್ದು 1950ರಲ್ಲಿ, ತೀರಿಕೊಂಡದ್ದು 2018ರಲ್ಲಿ. 24ರಲ್ಲಿ ಒಂದು ಪಾಲಿನ ಅಳತೆಯ ಹಳೇ ಕಾರುಗಳು, ಕೈಯಾರೆ ಮಾಡಿದ ಅಂಗಡಿ, ಮನೆಗಳು. ಅವನ್ನು ಒಂದು ಮಡಿಚುವ ಮೇಜಿನ ಮೇಲೆ ಜೋಡಿಸಿ, ಮೇಜನ್ನು ನಿಜವಾದ ಬೀದಿಯ ಪಕ್ಕಕ್ಕೆ ಒಯ್ದು, ಹಿಂದಿನ ನಿಜವಾದ ಮರ, ಮನೆಗಳು ಆಟಿಕೆಗೆ ಹೊಂದುವ ಕಡೆ ಇಟ್ಟು ತೆಗೆಯುತ್ತಿದ್ದರು. ದೊಡ್ಡ ಕ್ಯಾಮೆರಾ ಅಲ್ಲ, ಸಾಧಾರಣ ಪುಟ್ಟ ಡಿಜಿಟಲ್ ಕ್ಯಾಮೆರಾ. ಕಂಪ್ಯೂಟರಿನಲ್ಲಿ ತಿದ್ದಿ ಅಂಟಿಸುವ ಕೆಲಸವೂ ಇಲ್ಲ. ನಾವು ಹೇಳಬೇಕೆಂದಿರುವುದು ಅದಕ್ಕಿಂತ ಮುಖ್ಯವಾದದ್ದು. ಮೇಜು, ಆಟಿಕೆ, ಹಿಂದಿನ ಬೀದಿ ಎಲ್ಲಾ ಕಾಣುವ ಫೋಟೊಗಳನ್ನೂ ಅವರು ಹಾಕುತ್ತಿದ್ದರು. ಗುಟ್ಟು ಬಿಟ್ಟುಕೊಟ್ಟರೂ ಅವರನ್ನು ನೋಡುವವರು ಕಡಿಮೆಯಾಗಲಿಲ್ಲ. ಗುಟ್ಟು ತಿಳಿದು ಮತ್ತೆ ಮೊದಲ ಫೋಟೊ ನೋಡಿದರೆ ಬೆರಗು ಇನ್ನೂ ಜಾಸ್ತಿ.

ಹೇಳದೆ ಬಿಟ್ಟವರ ಕಥೆಯೂ ಇದೆ. 1934ರ ಏಪ್ರಿಲ್‌ನಲ್ಲಿ ಲಂಡನ್ನಿನ 'ಡೈಲಿ ಮೇಲ್' ಪತ್ರಿಕೆ ಒಂದು ಫೋಟೊ ಹಾಕಿತು. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ನೀರಿನಿಂದ ಕತ್ತು ಎತ್ತಿದ ದೈತ್ಯ ಪ್ರಾಣಿ. ಜಗತ್ತೆಲ್ಲಾ ನಂಬಿತು. ಅರವತ್ತು ವರ್ಷ ಕಳೆದು 1994ರಲ್ಲಿ ನಿಜ ಹೊರಬಿತ್ತು. ಅಂಗಡಿಯಿಂದ ತಂದ ಆಟಿಕೆ ಸಬ್‌ಮರೀನಿಗೆ ಅಂಟಿಸಿದ ಕತ್ತು ಅದು, ಎತ್ತರ ಹೆಚ್ಚುಕಡಿಮೆ ಒಂದು ಅಡಿ. ನಮ್ಮ ಕೆರೆಯ ಟಿಪ್ಪರಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ? 2005ರಲ್ಲಿ ಇರಾಕಿನಿಂದ ಇನ್ನೊಂದು ಬಂತು. ಅಮೆರಿಕದ ಸೈನಿಕನನ್ನು ಸೆರೆ ಹಿಡಿದಿದ್ದೇವೆ, ಬಿಡಬೇಕಾದರೆ ನಮ್ಮವರನ್ನು ಬಿಡಿ ಅಂತ ಒಂದು ಫೋಟೊ. ಸುದ್ದಿಸಂಸ್ಥೆಗಳು ಅದನ್ನು ಹರಡಿದವು. ಕೊನೆಗೆ ಗುರುತು ಹಿಡಿದದ್ದು ಆಟಿಕೆ ಕಂಪನಿ: ಅದು ನಾವು ಮಾಡಿದ ಗೊಂಬೆ ಅಂತ. ದೊಡ್ಡ ದೊಡ್ಡ ಸುದ್ದಿಮನೆಗಳೇ ಗೊಂಬೆಗೆ ಬೆಪ್ಪಾದವು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಇಲ್ಲಿ ಕೆರೆ ಮಣ್ಣು ಅಂದರೆ ಆಟದ ಮಾತಲ್ಲ. ಹೊಲಕ್ಕೆ ಗೋಡು ಹೊಡೆಯುವುದು ಬೇರೆ, ಕೆರೆ ಅಂಗಳ ಬಗೆದು ಮಣ್ಣು ತೊಳೆದು ಫಿಲ್ಟರ್ ಮರಳು ಮಾಡುವುದು ಬೇರೆ. ಎರಡನೆಯದರ ವಿರುದ್ಧ ಕೋಲಾರ ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಆ ಕೂಗಿಗೆ ಬಡವರ ಹತ್ತಿರ ಇರುವ ಸಾಕ್ಷಿ ಏನು? ಮೊಬೈಲಿನ ಫೋಟೊ. ರಾತ್ರಿ ಹೆದರಿಕೊಂಡು, ಹುಣಸೆ ಮರದ ಮರೆಯಲ್ಲಿ ನಿಂತು ತೆಗೆದ ಮಸುಕು ಫೋಟೊ. ನಾಳೆ ಅಂಥದ್ದೊಂದನ್ನು ತಗೊಂಡು ತಾಲ್ಲೂಕು ಕಚೇರಿಗೆ ಹೋದಾಗ, "ಇದೂ ಆಟಿಕೆ ಟಿಪ್ಪರೇನಪ್ಪಾ?" ಅಂತ ಯಾರಾದರೂ ನಕ್ಕರೆ? ನಮ್ಮ ಫೋಟೊ ತಿರುಗಿದ ಎರಡು ವಾರಕ್ಕೆ ಈ ಮಾತು ನಮ್ಮ ಕಿವಿಗೇ ಬಿತ್ತು. ಟೀ ಅಂಗಡಿಯಲ್ಲಿ ಯಾರೋ ನಿಜವಾದ ಫೋಟೊ ತೋರಿಸುತ್ತಿದ್ದರು. ಪಕ್ಕದವರು, "ಬಿಡಣ್ಣ, ಆ ಹುಡುಗರು ಗೊಂಬೆ ಇಟ್ಕೊಂಡು ಹೊಡೆದಿರ್ತಾರೆ" ಅಂದರು. ಆ ದಿನ ನಮಗೆ ಟೀ ಇಳಿಯಲಿಲ್ಲ. ಸುಳ್ಳು ಫೋಟೊ ಒಂದು ಸಲ ಊರನ್ನು ಓಡಿಸಿತು ಅನ್ನುವುದು ಸಣ್ಣ ವಿಷಯ. ನಿಜವಾದ ಫೋಟೊವನ್ನು ಸುಳ್ಳು ಅನ್ನಲು ಅದು ಕೈಗೆ ಕೊಟ್ಟ ನೆಪ ಇದೆಯಲ್ಲ, ಅದು ದೊಡ್ಡದು.

ಹಾಗಾದರೆ ನಿಲ್ಲಿಸಿಬಿಡಬೇಕಲ್ಲ ಅಂತೀರಿ. ಇಲ್ಲ. ನಮ್ಮ ಊರಿನ ಮಕ್ಕಳು ಇದನ್ನು ಮಾಡಲೇಬೇಕು ಅನ್ನುತ್ತೇವೆ. ಒಂದು ಸಲ ತಾನೇ ಸುಳ್ಳು ಫೋಟೊ ಮಾಡಿ ನೋಡಿದವನಿಗೆ ಬೇರೆಯವರ ಸುಳ್ಳು ಸುಲಭಕ್ಕೆ ಹಿಡಿಸುವುದಿಲ್ಲ. ನಾವು ಮೂರು ವರ್ಷ ತರಗತಿಯಲ್ಲಿ ಕೂತು ಸುದ್ದಿಯ ಸತ್ಯಾಸತ್ಯತೆ ಪರೀಕ್ಷೆ ಅನ್ನುವ ಪಾಠ ಓದಿದವರು. ಆ ಕೆರೆ ಅಂಗಳದ ಒಂದು ಸಂಜೆ ಕಲಿಸಿದಷ್ಟು ಆ ಪಾಠ ಕಲಿಸಲಿಲ್ಲ.

ಮಾಡುವುದು ಹೇಗೆ? ಆಟಿಕೆಗೆ ಮನುಷ್ಯನ ಕಣ್ಣಿದ್ದರೆ ಎಷ್ಟು ಎತ್ತರದಲ್ಲಿರುತ್ತಿತ್ತೋ ಕ್ಯಾಮೆರಾ ಅಷ್ಟು ಎತ್ತರದಲ್ಲಿರಬೇಕು. 24ರಲ್ಲಿ ಒಂದು ಪಾಲಿನ ಲಾರಿಯಾದರೆ ಆರಡಿ ಆಳು ಅಲ್ಲಿ ಮೂರಿಂಚು. ಆದ್ದರಿಂದ ಕ್ಯಾಮೆರಾ ನೆಲದಿಂದ ಮೂರಿಂಚಿಗಿಂತ ಮೇಲೆ ಹೋಗಬಾರದು. ಮೊಬೈಲನ್ನು ತಲೆಕೆಳಗೆ ಹಿಡಿಯಿರಿ, ಲೆನ್ಸ್ ನೆಲಕ್ಕೆ ಹತ್ತಿರವಾಗುತ್ತದೆ. ನಿಂತು ಮೇಲಿಂದ ತೆಗೆದರೆ ಅದು ಆಟಿಕೆಯಾಗಿಯೇ ಉಳಿಯುತ್ತದೆ. ಹಿನ್ನೆಲೆ ಮಬ್ಬು ಮಾಡುವ ಪೋರ್ಟ್ರೇಟ್ ಮೋಡ್ ಬೇಡ. ಹಿಂದಿನ ಬೆಟ್ಟ ಮಬ್ಬಾದ ಕೂಡಲೇ ನಮ್ಮ ಕಣ್ಣು ಇದೇನೋ ಪುಟ್ಟ ವಸ್ತು ಅಂತ ಹಿಡಿದುಬಿಡುತ್ತದೆ. ದೊಡ್ಡ ಕ್ಯಾಮೆರಾಗಳಿಗೆ ಹತ್ತಿರದ್ದು ದೂರದ್ದು ಎರಡೂ ಸ್ಪಷ್ಟವಾಗಿ ತೆಗೆಯಲು ಒದ್ದಾಟ. ಮೊಬೈಲಿನ ಸೆನ್ಸರ್ ಪುಟ್ಟದು, ಅದಕ್ಕೆ ಅದು ಸಲೀಸು. ಲಕ್ಷ ರೂಪಾಯಿ ಕ್ಯಾಮೆರಾಕ್ಕಿಂತ ನಿಮ್ಮ ಹತ್ತು ಸಾವಿರದ ಫೋನೇ ಇಲ್ಲಿ ಮೇಲು. ಇಂಥ ಅವಕಾಶ ನಮಗೆ ಅಪರೂಪಕ್ಕೆ ಸಿಗುವುದು!

ಮಣ್ಣು ಜರಡಿ ಹಿಡಿಯಬೇಕು. ಒಂದು ಮರಳಿನ ಕಾಳು ಆಟಿಕೆ ಲಾರಿಯ ಪಕ್ಕ ಕಲ್ಲುಗುಂಡಿನಂತೆ ಕಾಣುತ್ತದೆ. ವಸ್ತ್ರಗಾಲಿತ ಮಾಡಿದ ಮಣ್ಣಾದರೆ ನಿಜವಾದ ರಸ್ತೆಯ ಧೂಳು. ನೀರಿನ ಹತ್ತಿರ ಮಾತ್ರ ಹೋಗಬೇಡಿ. ನೀರಿನ ಹನಿ ಆಟಿಕೆಗೆ ತಕ್ಕಂತೆ ಚಿಕ್ಕದಾಗುವುದಿಲ್ಲ. ಲಾರಿಯ ಗಾಜಿನ ಮೇಲೆ ಒಂದು ಹನಿ ಕೂತರೆ ಕುಂಬಳಕಾಯಿ ಕೂತಂತೆ. ಚನ್ನಪಟ್ಟಣದ ಗೊಂಬೆಯನ್ನೂ ಒಂದು ಸಲ ಪ್ರಯತ್ನಿಸಿದೆವು. ಅರಗಿನ ಹೊಳಪು ಬಿಸಿಲಿಗೆ ಮಿಂಚಿ, ಎಲ್ಲಿ ನಿಲ್ಲಿಸಿದರೂ ತಾನು ಚನ್ನಪಟ್ಟಣದ್ದು ಅಂತ ಸಾರಿ ಹೇಳಿತು. ಆ ಗೊಂಬೆಗಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ವಿಡಿಯೊ ಮಾಡುವವರಿಗೆ ಇನ್ನೊಂದು ಲೆಕ್ಕ. ಒಂದಡಿ ಎತ್ತರದಿಂದ ಬಿದ್ದ ವಸ್ತು ಕಾಲು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 24 ಅಡಿಯಿಂದ ಬಿದ್ದದ್ದಕ್ಕೆ ಒಂದೂಕಾಲು ಸೆಕೆಂಡು ಬೇಕು, ಅಂದರೆ ಸುಮಾರು ಐದು ಪಟ್ಟು. ಆಟಿಕೆ ಟಿಪ್ಪರು ಮಣ್ಣು ಸುರಿದರೆ ಸರಕ್ಕನೆ ಸುರಿದುಬಿಡುತ್ತದೆ, ಭಾರವೇ ಕಾಣುವುದಿಲ್ಲ. ಅದಕ್ಕೆ ಸಿನಿಮಾದವರು ಪುಟ್ಟ ಮಾದರಿಗಳನ್ನು ವೇಗದ ಕ್ಯಾಮೆರಾದಲ್ಲಿ ತೆಗೆದು ನಿಧಾನವಾಗಿ ತೋರಿಸುತ್ತಿದ್ದರು. ನಿಮ್ಮ ಫೋನಿನ ಸ್ಲೋ ಮೋಷನ್ನಿನಲ್ಲಿ 120 ಫ್ರೇಮ್ ಇರುತ್ತದಲ್ಲ, ಅದನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಸರಿಯಾಗಿ ಐದು ಪಟ್ಟು. ಎಂಟನೇ ತರಗತಿಯವರಿಗೆ ವರ್ಗಮೂಲ ಯಾತಕ್ಕೆ ಅಂತ ಕೇಳಿದರೆ ಇದನ್ನು ತೋರಿಸಬಹುದು; 24ರ ವರ್ಗಮೂಲ ಐದಕ್ಕೆ ತೀರಾ ಹತ್ತಿರ.

ಇಷ್ಟು ಮಾಡಿದವರಿಗೆ ಸುಳ್ಳು ಎಲ್ಲಿ ಬಾಯಿ ಬಿಡುತ್ತದೆ ಅನ್ನುವುದೂ ತಿಳಿಯುತ್ತದೆ. ಲಾರಿ ತುಂಬಾ ಮಣ್ಣಿದ್ದರೂ ಟೈರಿನ ತಳ ಚೂರೂ ಒತ್ತಿಲ್ಲವೇ? ಒಂದು ಗರಿಕೆ ಎಸಳು ಚಕ್ರದಷ್ಟು ಎತ್ತರ ಇದೆಯೇ? ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲವೇ? ನಂಬರ್ ಪ್ಲೇಟು ಬರೀ ಬಿಳಿಯೇ? ನಮ್ಮ ಕೆರೆಯ ಫೋಟೊದಲ್ಲಿ ಈ ನಾಲ್ಕೂ ಇದ್ದವು. ಕೆರೆಗೆ ಓಡಿದ ಹನ್ನೆರಡು ಜನರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ. ಅವರನ್ನು ದೂರುವ ಹಾಗಿಲ್ಲ. ಕೆರೆಯ ಮೇಲೆ ಕಾಳಜಿ ಇದ್ದವರೇ ಓಡಿದ್ದು. ಇಲ್ಲದವರು ಫಾರ್ವರ್ಡ್ ಒತ್ತಿ ಮಲಗಿದರು.

ಜಾಗದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಟಿಕೆ ಫೋಟೊ ಅಂದ ಕೂಡಲೇ ನಮ್ಮ ಹುಡುಗರ ಕಣ್ಣು ಕೆಜಿಎಫ್‌ನ ಸೈನೈಡ್ ಗುಡ್ಡಗಳ ಕಡೆ ಹೋಗುತ್ತದೆ. ಹೋಗುವಂಥದ್ದೇ. ಗಿಡ ಮರ ಇಲ್ಲ, ಬೂದು ಬಣ್ಣದ ನುಣುಪು ಪುಡಿ, ಮಳೆ ಕೊರೆದ ಸೀಳುಗಳು. ಆಟಿಕೆ ಜೀಪು ಇಟ್ಟರೆ ಯಾವುದೋ ಮರುಭೂಮಿ. 2018ರಲ್ಲಿ ಬಂದ 'ಕೆಜಿಎಫ್' ಸಿನಿಮಾದ ಚಿತ್ರೀಕರಣವೂ ಅಲ್ಲಿ ನಡೆದ ಮೇಲೆ ಮೊಬೈಲು ಹಿಡಿದು ಹತ್ತುವವರು ಹೆಚ್ಚಾದರು. ಆದರೆ ಅದು ಬೆಟ್ಟವಲ್ಲ. ನೂರು ವರ್ಷಕ್ಕೂ ಮೇಲೆ ಚಿನ್ನದ ಅದಿರನ್ನು ಪುಡಿ ಮಾಡಿ, ಸೈನೈಡಿನಲ್ಲಿ ಚಿನ್ನ ಬಿಡಿಸಿಕೊಂಡು, ಉಳಿದದ್ದನ್ನು ಸುರಿದ ತಿಪ್ಪೆ. ಮೂರು ಕೋಟಿ ಟನ್ನಿಗೂ ಹೆಚ್ಚು. 2001ರಲ್ಲಿ ಗಣಿ ಮುಚ್ಚಿತು, ಚಿನ್ನ ಹೋದಲ್ಲಿಗೆ ಹೋಯಿತು, ತಿಪ್ಪೆ ಇಲ್ಲೇ ಉಳಿಯಿತು. ಗಾಳಿ ತಿಂಗಳಲ್ಲಿ ಆ ಪುಡಿ ಮನೆಗಳ ಮೇಲೆ ಹಾರುವುದನ್ನು ಅಲ್ಲಿನವರು ಅನುಭವಿಸುತ್ತಲೇ ಇದ್ದಾರೆ. ಆಟಿಕೆಯ ಫೋಟೊಗೆ ಮುಖವನ್ನು ನೆಲಕ್ಕೆ ಹಚ್ಚಿ ಮಲಗಬೇಕು. ಅಷ್ಟು ನುಣುಪು ಕಲ್ಲುಪುಡಿಯನ್ನು ಮಕ್ಕಳು ಮೂಗಿನ ಹತ್ತಿರ ಇಟ್ಟುಕೊಂಡು ಗಂಟೆಗಟ್ಟಲೆ ಮಲಗುವುದು ಬೇಡ. ಮಳೆಗೆ ಕೊರೆದ ಅಂಚು ಕುಸಿಯುವುದೂ ಉಂಟು. ನಮಗೂ ಅಲ್ಲಿ ಫೋಟೊ ತೆಗೆಯುವ ಆಸೆ ಬಹಳ ಇತ್ತು. ಬಿಟ್ಟೆವು.

ಅದರ ಬದಲು ನಮ್ಮಲ್ಲಿ ಏನು ಕಡಿಮೆ? ಕ್ಯಾಸಂಬಳ್ಳಿಯ ಕೆಮ್ಮಣ್ಣು, ಬೇತಮಂಗಲದ ಕೆರೆ ಏರಿ, ಕುಯ್ಲು ಮುಗಿದ ರಾಗಿ ಹೊಲದ ಕೂಳೆ, ಮಾವಿನ ತೋಪಿನ ನೆರಳು. ರಾಗಿ ಕೂಳೆಯ ನಡುವೆ ಪುಟ್ಟ ಟ್ರ್ಯಾಕ್ಟರ್ ಇಟ್ಟರೆ ಕಡಿದ ಕಾಡಿನೊಳಗೆ ಹೋದಂತೆ ಕಾಣುತ್ತದೆ. ಈ ಸೀಮೆಯ ಫೋಟೊ ಅಂತ ಹೊರಗಿನವರಿಗೆ ಗೊತ್ತಿರುವುದು ಎರಡೇ: ಮುಚ್ಚಿದ ಗಣಿಯ ಗಾಲಿ, ಸಿನಿಮಾದ ಗುಡ್ಡ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನ ಮೊದಲಕ್ಷರ ಕ್ಯಾಸಂಬಳ್ಳಿ ಅಂತ ಎಷ್ಟು ಜನರಿಗೆ ಗೊತ್ತು? ಬೆಮೆಲ್ ಇಲ್ಲೇ ಇದೆ, ನಮ್ಮ ಪಕ್ಕದಲ್ಲೇ ನಿಜವಾದ ಬುಲ್ಡೋಜರು ತಯಾರಾಗುತ್ತದೆ. ನಮ್ಮ ಮಕ್ಕಳು ಆಟಿಕೆಯದನ್ನು ತಳ್ಳುತ್ತಾ ಬೆಳೆಯುತ್ತಾರೆ. ಇದನ್ನೆಲ್ಲಾ ಪುಟ್ಟ ಅಳತೆಯಲ್ಲಿ ಕಟ್ಟಿ ತೆಗೆಯಬಹುದು. ಗಣಿಯಲ್ಲಿ ದುಡಿದ ತಾತ ಇನ್ನೂ ಇರುವ ಮನೆಗಳಲ್ಲಿ, ಅವರು ಹೇಳಿದಂತೆ ಬೆಂಕಿಪೊಟ್ಟಣದ ಲೈನ್ ಮನೆಗಳ ಸಾಲು ಕಟ್ಟಿ ನೋಡಿ. ಅಳತೆ ತಪ್ಪಿದರೆ ಅವರೇ ಬೈದು ಸರಿಮಾಡುತ್ತಾರೆ.

ಶಾಲೆಯ ಬೇಸಿಗೆ ಶಿಬಿರದಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಕೊಡಿ ಅನ್ನುವುದು ನಮ್ಮ ಬೇಡಿಕೆ. ಖರ್ಚಿಲ್ಲ. ಆಟಿಕೆ ಮಕ್ಕಳೇ ತರುತ್ತಾರೆ, ಫೋನು ಮೇಷ್ಟ್ರ ಹತ್ತಿರ ಇದೆ. ಒಂದೇ ಷರತ್ತು. ಪ್ರತಿ ಫೋಟೊಗೂ ಜೋಡಿ ಫೋಟೊ ಇರಬೇಕು. ಎರಡನೆಯದರಲ್ಲಿ ಆಟಿಕೆಯ ಪಕ್ಕ ಕೈ ಕಾಣಬೇಕು, ಇಲ್ಲವೇ ಒಂದು ರೂಪಾಯಿ ನಾಣ್ಯ. ಎರಡನ್ನೂ ಬೇರೆ ಬೇರೆ ಕಳಿಸಿದರೆ ಪ್ರಯೋಜನವಿಲ್ಲ, ಅದು ನಮಗೆ ಆದ ಪಾಠ. ಎರಡನ್ನೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಜೋಡಿಸಿ ಕಳಿಸಬೇಕು, ಮಧ್ಯದಲ್ಲಿ "ಆಟಿಕೆ" ಅಂತ ದಪ್ಪಕ್ಷರದಲ್ಲಿ ಬರೆದು. ಕತ್ತರಿಸುವವರು ಕತ್ತರಿಸುತ್ತಾರೆ, ನಿಜ. ಕತ್ತರಿಸಬೇಕಾದರೆ ಅವರು ಬೇಕೆಂದೇ ಕತ್ತರಿಸಬೇಕು, ಆಗ ತಪ್ಪು ಯಾರದು ಅಂತ ಹೇಳಲು ಬರುತ್ತದೆ. ನಮ್ಮ ಸಲ ಅದು ಪೂರ್ತಿ ನಮ್ಮದೇ ಆಗಿತ್ತು.

ಬೈಸಿಕೊಂಡ ಆ ಟಿಪ್ಪರ್ ಅಣ್ಣನ ಮನೆಗೆ ಆಮೇಲೆ ಹೋಗಿ ಕ್ಷಮೆ ಕೇಳಿದೆವು. ಮೊದಲು ಮುಖ ಗಂಟಿಕ್ಕಿದರು. ಫೋಟೊ ತೋರಿಸಿದಾಗ ತುಂಬಾ ಹೊತ್ತು ದೊಡ್ಡದು ಮಾಡಿ ಮಾಡಿ ನೋಡಿ, "ಹಿಂದಿನ ಡಾಲಾಗೆ ಹುಕ್ಕೇ ಇಲ್ಲವಲ್ರೋ, ಯಾವನೋ ಇದನ್ನ ಟಿಪ್ಪರ್ ಅಂದಿದ್ದು?" ಅಂದರು. ಆಮೇಲೆ ತಮ್ಮ ಗಾಡಿಯ ಪಕ್ಕ ಆ ಆಟಿಕೆಯನ್ನು ಇಟ್ಟು ಒಂದು ಫೋಟೊ ತೆಗೆಸಿಕೊಂಡರು. ಅವರ ಡಿಪಿಯಲ್ಲಿ ಈಗಲೂ ಅದೇ ಇದೆ.